ಮರ ಸವರುವ ಕೆಲಸ ಇಂಗ್ಲೆಂಡಿನಲ್ಲಿ: ವೀಸಾದಿಂದ ಗರಗಸದ ಹಲ್ಲಿನವರೆಗೆ

ದಾವಣಗೆರೆಯಲ್ಲಿ ನಮ್ಮ ಸೋದರಮಾವನದು ಪಂಪ್‌ಸೆಟ್ ರಿಪೇರಿ ಅಂಗಡಿ. ಒಂಬತ್ತು ವರ್ಷ ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಮರ ಸವರುವ ಸಣ್ಣ ಉದ್ಯೋಗ ನಡೆಸಿ ಕಳೆದ ವರ್ಷ ಊರಿಗೆ ಮರಳಿದ ಮೇಲೆ ನಾನು ದಿನಾ ಸಂಜೆ ಅಲ್ಲಿ ಕೂರುತ್ತೇನೆ. ಅಲ್ಲಿ ಈ ಕೆಲಸಕ್ಕೆ ‘ಟ್ರೀ ಸರ್ಜರಿ’ ಎನ್ನುತ್ತಾರೆ. ಜೆ.ಜೆ.ಎಂ. ಮೆಡಿಕಲ್ ಕಾಲೇಜಿರುವ ಊರಿನಲ್ಲಿ ಇದರಿಂದ ಆದ ಫಜೀತಿ ಅಷ್ಟಿಷ್ಟಲ್ಲ. ಮಗ ವಿದೇಶದಲ್ಲಿ ಸರ್ಜನ್ ಎಂದು ಅಮ್ಮ ಹೇಳಿಕೊಂಡಿದ್ದರಿಂದ ದೂರದ ನೆಂಟರೊಬ್ಬರು ಮೊಣಕಾಲಿನ ಎಕ್ಸ್‌ರೇ ಹಿಡಿದು ನನ್ನನ್ನು ಕಾಣಲು ಬಂದಿದ್ದರು.

ಈಗ ಬರುವವರು ಬೇರೆ. ಹರಿಹರ, ಜಗಳೂರು, ಹೊಳಲ್ಕೆರೆ ಕಡೆಯ ಹುಡುಗರು ಬಂದು, “ಅಣ್ಣ, ಯಾವ ಗರಗಸ ತೆಗೆದುಕೊಳ್ಳಬೇಕು?” ಎಂದು ಕೇಳುತ್ತಾರೆ. ಅದು ನಾಲ್ಕನೆಯದೋ ಐದನೆಯದೋ ಆಗಬೇಕಾದ ಪ್ರಶ್ನೆ. ನಾನು ಮತ್ತೆ ಮೊದಲಿನಿಂದ ಶುರು ಮಾಡುವುದಾದರೆ ಯಾವ ಕ್ರಮದಲ್ಲಿ ಹೋಗುತ್ತಿದ್ದೆನೋ ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಈ ವ್ಯಾಪಾರದಲ್ಲಿ ಲಾಭ ಮರದ ಮೇಲಿಲ್ಲ, ಹಿಂದಿನ ಸಂಜೆ ಶೆಡ್ಡಿನಲ್ಲಿ ಯಂತ್ರದ ಮುಂದೆ ಕಳೆದ ಒಂದು ಗಂಟೆಯಲ್ಲಿದೆ. ಮರ ಹತ್ತುವ ಧೈರ್ಯವಂತರು ಅಲ್ಲಿ ಬೇಕಾದಷ್ಟಿದ್ದಾರೆ. ಯಂತ್ರ ನಿಲ್ಲದ ಹಾಗೆ ನೋಡಿಕೊಳ್ಳುವವರು ಮಾತ್ರ ಕಡಿಮೆ.

ಮೊದಲು ವೀಸಾ

ಯಾವ ವೀಸಾದ ಮೇಲೆ ಹೋಗುತ್ತೀರಿ ಎನ್ನುವುದರ ಮೇಲೆ ನೀವು ಮಾಲೀಕರಾಗಬಹುದೋ ಇಲ್ಲವೋ ಎಂಬುದು ತೀರ್ಮಾನವಾಗುತ್ತದೆ. ನನ್ನ ಹೆಂಡತಿ ನರ್ಸ್. ಅವಳ ಕೆಲಸದ ವೀಸಾಕ್ಕೆ ಅವಲಂಬಿತನಾಗಿ ನಾನು ಹೋದೆ. ಅವಲಂಬಿತರಿಗೆ ಸ್ವಂತ ಉದ್ಯೋಗಕ್ಕೆ ಅಡ್ಡಿಯಿಲ್ಲ. ವಿದ್ಯಾರ್ಥಿ ವೀಸಾದಲ್ಲಿ ಹೋದವರು ಸ್ವಂತ ವ್ಯಾಪಾರ ಮಾಡುವಂತಿಲ್ಲ. ‘ಶನಿವಾರ, ಭಾನುವಾರ ಮಾತ್ರ ಮರ ಸವರುತ್ತೇನೆ’ ಎಂಬ ಉಪಾಯವೂ ನಡೆಯುವುದಿಲ್ಲ, ಸಿಕ್ಕಿಬಿದ್ದರೆ ಓದೂ ಹೋಗುತ್ತದೆ.

ಪದವಿ ಮುಗಿಸಿದ, 18ರಿಂದ 30 ವರ್ಷದೊಳಗಿನ ಭಾರತೀಯರಿಗೆ 2023ರಲ್ಲಿ ಶುರುವಾದ ‘ಇಂಡಿಯಾ ಯಂಗ್ ಪ್ರೊಫೆಷನಲ್ಸ್ ಸ್ಕೀಮ್’ ಇದೆ. ಲಾಟರಿಯಲ್ಲಿ ಹೆಸರು ಬರಬೇಕು, ಬಂದರೆ ಎರಡು ವರ್ಷ ಇರಬಹುದು. ಅದರಲ್ಲಿ ಸ್ವಂತ ಉದ್ಯೋಗಕ್ಕೆ ಅವಕಾಶವಿದೆ. ಆದರೆ ಸಲಕರಣೆಯ ಬೆಲೆ 5,000 ಪೌಂಡ್ ಮೀರಬಾರದು, ಸಂಬಳದ ಆಳು ಇರಬಾರದು, ಜಾಗ ಬಾಡಿಗೆಯದ್ದಾಗಿರಬೇಕು. ಇದರ ಅರ್ಥ ಸ್ಪಷ್ಟ: ಎರಡು ಗರಗಸ, ಹತ್ತುವ ಸಾಮಾನು ಕೊಳ್ಳಬಹುದು, ಟೊಂಗೆ ಪುಡಿ ಮಾಡುವ ಚಿಪ್ಪರ್ ಯಂತ್ರ ಕೊಳ್ಳಲಾಗದು. ಅಂಥವರು ಬೇರೆ ಮಾಲೀಕರ ಬಳಿ ದಿನಗೂಲಿಗೆ ಮರ ಹತ್ತುವವರಾಗಿ ದುಡಿಯುವುದೇ ಸರಿಯಾದ ದಾರಿ. ನಿಯಮಗಳು ಬದಲಾಗುತ್ತಿರುತ್ತವೆ. ಬ್ರಿಟಿಷ್ ಸರ್ಕಾರದ ಸ್ವಂತ ಜಾಲತಾಣವನ್ನು ನೀವೇ ಓದಿ, ಏಜೆಂಟರ ಬಾಯಿಮಾತಿಗೆ ದುಡ್ಡು ಸುರಿಯಬೇಡಿ.

ಊರಲ್ಲೇ ಕಲಿತು ಹೋಗಬೇಕಾದ್ದು

ಇಲ್ಲಿನ ಹುಡುಗರಿಗೆ ಅರ್ಥವಾಗದ ಒಂದು ಲಾಭ ಇಲ್ಲೇ ಇದೆ. ಅಲ್ಲಿ ಸಣ್ಣ ಎಂಜಿನ್ ಬಿಚ್ಚಿ ಜೋಡಿಸಲು ಗಂಟೆಯ ಲೆಕ್ಕದಲ್ಲಿ ದುಡ್ಡು ಎಣಿಸಬೇಕು. ಇಲ್ಲಿ ಮಾವನಂಥವರ ಅಂಗಡಿಯಲ್ಲಿ ಆರು ತಿಂಗಳು ಕೂತರೆ ಕಾರ್ಬ್ಯುರೇಟರ್, ಸ್ಪಾರ್ಕ್ ಪ್ಲಗ್, ಬೇರಿಂಗ್, ಬೆಲ್ಟ್ ಎಲ್ಲವೂ ಕೈಗೆ ಬರುತ್ತವೆ. ಔಷಧಿ ಹೊಡೆಯುವ ಪವರ್ ಸ್ಪ್ರೇಯರ್‌ನ ಎರಡು ಸ್ಟ್ರೋಕ್ ಎಂಜಿನ್ನಿಗೂ ಮರ ಕೊಯ್ಯುವ ಚೈನ್‌ಸಾಗೂ ಮೂಲದಲ್ಲಿ ವ್ಯತ್ಯಾಸ ಕಡಿಮೆ. ಚನ್ನಗಿರಿ ಕಡೆಯ ಅಡಿಕೆ ತೋಟಗಳಲ್ಲಿ ಕಾಲಿಗೆ ಹಗ್ಗದ ಕುಣಿಕೆ ಹಾಕಿಕೊಂಡು ಮರದಿಂದ ಮರಕ್ಕೆ ದಾಟುವವರನ್ನು ನೋಡಿದ್ದೀರಲ್ಲ, ಅವರಿಗೆ ಎತ್ತರದ ಅಂಜಿಕೆ ಕಳೆದಿರುತ್ತದೆ. ಆದರೆ ಅವರಂತೆ ಸುರಕ್ಷಾ ಹಗ್ಗವಿಲ್ಲದೆ ಹತ್ತುವ ರೂಢಿಯನ್ನು ಮಾತ್ರ ವಿಮಾನ ಹತ್ತುವ ಮುಂಚೆಯೇ ಬಿಡಬೇಕು.

ಕಾರು ಓಡಿಸಲು ಕಲಿತು ಲೈಸೆನ್ಸ್ ಮಾಡಿಸಿಕೊಳ್ಳಿ. ನಮ್ಮ ಲೈಸೆನ್ಸ್ ಅಲ್ಲಿ ನೆಲೆಸಿದ ಮೊದಲ 12 ತಿಂಗಳು ನಡೆಯುತ್ತದೆ, ಅಷ್ಟರಲ್ಲಿ ಅವರ ಪರೀಕ್ಷೆ ಪಾಸಾಗಬೇಕು. ವ್ಯಾನು, ಹಿಂದೆ ಟ್ರೇಲರ್ ಇಲ್ಲದೆ ಈ ವ್ಯಾಪಾರವೇ ಇಲ್ಲ. 2021ರ ಡಿಸೆಂಬರಿನಿಂದ ಸಾಮಾನ್ಯ ಕಾರು ಲೈಸೆನ್ಸ್ ಇದ್ದವರೇ 3,500 ಕೆ.ಜಿ.ವರೆಗಿನ ಟ್ರೇಲರ್ ಎಳೆಯಬಹುದು ಎಂದಾಗಿರುವುದು ಹೊಸಬರಿಗೆ ದೊಡ್ಡ ಅನುಕೂಲ.

ಪ್ರಮಾಣಪತ್ರ, ವಿಮೆ, ತೆರಿಗೆ

ಮೊದಲ ವರ್ಷ ಮಾಲೀಕರಾಗುವ ಆಸೆ ಬೇಡ. ಯಾರದಾದರೂ ತಂಡದಲ್ಲಿ ‘ಗ್ರೌಂಡ್ಸ್‌ಮನ್’ ಆಗಿ, ಎಂದರೆ ಕೆಳಗೆ ನಿಂತು ಹಗ್ಗ ಹಿಡಿಯುವ, ಟೊಂಗೆ ಎಳೆಯುವ ಆಳಾಗಿ ಸೇರಿ. ಆ ಅವಧಿಯಲ್ಲಿ ಒಂದೊಂದಾಗಿ ಎನ್‌ಪಿಟಿಸಿ ಅಥವಾ ಲ್ಯಾಂಟ್ರಾ ಎಂಬ ಪರೀಕ್ಷಾ ಸಂಸ್ಥೆಗಳ ಪ್ರಮಾಣಪತ್ರ ಪಡೆಯಿರಿ. ಚೈನ್‌ಸಾ ನಿರ್ವಹಣೆ ಮತ್ತು ಅಡ್ಡಗೊಯ್ಲು ಮೊದಲನೆಯದು. ನಂತರ 380 ಮಿ.ಮೀ.ವರೆಗಿನ ಸಣ್ಣ ಮರ ಬೀಳಿಸುವುದು, ಆಮೇಲೆ ಹಗ್ಗದ ಮೇಲೆ ಹತ್ತುವುದು ಮತ್ತು ಮರದ ಮೇಲೆ ಸಿಕ್ಕಿಕೊಂಡವನನ್ನು ಇಳಿಸುವುದು, ಕೊನೆಗೆ ಹಗ್ಗದಲ್ಲಿ ನೇತಾಡುತ್ತ ಚೈನ್‌ಸಾ ಬಳಸುವುದು. ಗಮನಿಸಿ, ಮೊದಲ ಪರೀಕ್ಷೆಯ ಹೆಸರಿನಲ್ಲೇ ನಿರ್ವಹಣೆ ಇದೆ. ಹಲ್ಲು ಮಸೆಯಲು ಬಾರದವನ ಕೈಗೆ ಗರಗಸವನ್ನೇ ಕೊಡುವುದಿಲ್ಲ.

ಸ್ವಂತಕ್ಕೆ ಶುರು ಮಾಡಿದಾಗ ತೆರಿಗೆ ಇಲಾಖೆಯಲ್ಲಿ ಸ್ವಯಂ ಉದ್ಯೋಗಿ ಎಂದು ನೋಂದಾಯಿಸಬೇಕು. ಅಲ್ಲಿನ ಆರ್ಥಿಕ ವರ್ಷ ಏಪ್ರಿಲ್ 6ಕ್ಕೆ ಶುರು, ಆನ್‌ಲೈನ್ ಲೆಕ್ಕ ಸಲ್ಲಿಸಲು ಮುಂದಿನ ಜನವರಿ 31 ಕೊನೆಯ ದಿನ. ಹನ್ನೆರಡು ತಿಂಗಳ ವಹಿವಾಟು 90,000 ಪೌಂಡ್ ದಾಟಿದರೆ ವ್ಯಾಟ್ ನೋಂದಣಿ ಕಡ್ಡಾಯ. ಒಬ್ಬನೇ ಒಬ್ಬ ನೌಕರನಿದ್ದರೂ ಕನಿಷ್ಠ 50 ಲಕ್ಷ ಪೌಂಡ್‌ನ ನೌಕರರ ಹೊಣೆ ವಿಮೆ ಇರಬೇಕು, ಇದು 1969ರ ಕಾನೂನು. ಪಕ್ಕದ ಮನೆಯ ಗಾಜಿನ ಸೂರಿನ ಮೇಲೆ ಟೊಂಗೆ ಬಿದ್ದರೆ ಭರಿಸುವ ಸಾರ್ವಜನಿಕ ಹೊಣೆ ವಿಮೆಯನ್ನು ಕಾನೂನು ಕೇಳುವುದಿಲ್ಲ, ಗಿರಾಕಿ ಕೇಳುತ್ತಾನೆ. ಕಡಿದ ಟೊಂಗೆ ಸಾಗಿಸಲು ಪರಿಸರ ಇಲಾಖೆಯಲ್ಲಿ ತ್ಯಾಜ್ಯ ಸಾಗಣೆದಾರ ಎಂಬ ನೋಂದಣಿ ಬೇರೆ. ಸ್ವಂತ ವ್ಯಾನಿನಲ್ಲಿ ಸೊಪ್ಪು ಒಯ್ಯಲೂ ಕಾಗದವೇ ಎಂದು ನಾನೂ ಮೊದಲು ನಕ್ಕಿದ್ದೆ.

ಮರ ಮುಟ್ಟುವ ಮುಂಚೆ

ಮನೆಯ ಹಿತ್ತಲಲ್ಲಿರುವ ಮರ ಮನೆಯವರದೇ ಇರಬಹುದು. ಅದನ್ನು ಕಡಿಯುವ ಹಕ್ಕು ಅವರದಲ್ಲದೆ ಇರಬಹುದು. ಸ್ಥಳೀಯ ಕೌನ್ಸಿಲ್ ಒಂದು ಮರವನ್ನು ‘ಸಂರಕ್ಷಣಾ ಆದೇಶ’ದ ಅಡಿ ತಂದಿದ್ದರೆ ಅರ್ಜಿ ಹಾಕಿ ಕಾಯಬೇಕು, ಉತ್ತರಕ್ಕೆ ಎಂಟು ವಾರದ ಅವಧಿ. ಆದೇಶವಿಲ್ಲದಿದ್ದರೂ ಮನೆ ‘ಸಂರಕ್ಷಿತ ಪ್ರದೇಶ’ದಲ್ಲಿದ್ದು, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಾಂಡದ ಅಡ್ಡಳತೆ 75 ಮಿ.ಮೀ. ಮೀರಿದ್ದರೆ ಆರು ವಾರ ಮುಂಚೆ ತಿಳಿಸಬೇಕು. ಆದೇಶವಿದ್ದ ಮರವನ್ನು ಕಡಿದರೆ ದಂಡ ಕಡಿಸಿದವನಿಗೂ ಉಂಟು, ಕಡಿದವನಿಗೂ ಉಂಟು. ಇಂಗ್ಲೆಂಡಿನಲ್ಲಿ ಆ ದಂಡಕ್ಕೆ ಮೇಲ್ಮಿತಿಯೇ ಇಲ್ಲ. “ನಮ್ಮ ಮರಕ್ಕೆ ಅಂಥದ್ದೇನೂ ಇಲ್ಲ” ಎಂದು ಗಿರಾಕಿ ಎಷ್ಟೇ ವಿಶ್ವಾಸದಿಂದ ಹೇಳಲಿ, ಕೌನ್ಸಿಲ್‌ನ ನಕ್ಷೆಯನ್ನು ನೀವೇ ನೋಡಿ ಅದರ ಪ್ರತಿಯನ್ನು ಕಡತದಲ್ಲಿಡಿ.

ಮಾರ್ಚ್‌ನಿಂದ ಆಗಸ್ಟ್‌ವರೆಗೆ ಹಕ್ಕಿಗಳು ಗೂಡು ಕಟ್ಟುವ ಕಾಲ. 1981ರ ವನ್ಯಜೀವಿ ಕಾಯ್ದೆಯ ಪ್ರಕಾರ ಬಳಕೆಯಲ್ಲಿರುವ ಗೂಡನ್ನು ಕೆಡಿಸುವುದು ಅಪರಾಧ. ಬಾವಲಿಗಳ ವಿಷಯದಲ್ಲಿ ಇನ್ನೂ ಬಿಗಿ, ಅವು ತಂಗುವ ಪೊಟರೆಗೆ ಅವು ಇಲ್ಲದಾಗಲೂ ರಕ್ಷಣೆಯಿದೆ. ಎರಡನೆಯ ವರ್ಷ ಒಂದು ಓಕ್ ಮರದ ಅರ್ಧಕ್ಕೆ ಹತ್ತಿದಾಗ ಪೊಟರೆಯ ಕೆಳಗೆ ಕಪ್ಪು ಹಿಕ್ಕೆ, ಜಿಡ್ಡಿನ ಕಲೆ ಕಂಡಿತು. ಇಳಿದುಬಿಟ್ಟೆ. ಆ ದಿನದ ಇಬ್ಬರ ಕೂಲಿ, ಬಾಡಿಗೆ ಚಿಪ್ಪರ್ ದುಡ್ಡು ನನ್ನ ತಲೆಯ ಮೇಲೆ ಬಂತು. ನೆಲದಿಂದಲೇ ದುರ್ಬೀನಿನಲ್ಲಿ ಹತ್ತು ನಿಮಿಷ ನೋಡಿದ್ದರೆ ಅದು ಅಲ್ಲಿಂದಲೇ ಕಾಣುತ್ತಿತ್ತು. ಅಂದಿನಿಂದ ದರ ಹೇಳಲು ಹೋದಾಗಲೆಲ್ಲ ದುರ್ಬೀನು ಕೊರಳಲ್ಲಿ.

ಆ್ಯಷ್ ಎಂಬ ಮರದ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. 2012ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾದ ಶಿಲೀಂಧ್ರ ರೋಗದಿಂದ ಆ ಮರಗಳು ಎಲ್ಲೆಡೆ ಒಣಗುತ್ತಿವೆ. ಕೆಲಸ ಹೇರಳ, ಅಪಾಯವೂ ಅಷ್ಟೇ. ಒಣಗಿದ ಆ್ಯಷ್ ಮುನ್ಸೂಚನೆ ಕೊಡದೆ ಹಪ್ಪಳದಂತೆ ಮುರಿಯುತ್ತದೆ. ಅದನ್ನು ಹತ್ತಬೇಡಿ. ಬಾಡಿಗೆಗೆ ಎತ್ತುವ ಯಂತ್ರ ತಂದು ಅದರ ತೊಟ್ಟಿಯಲ್ಲಿ ನಿಂತು ಕೆಲಸ ಮಾಡಿ, ಆ ಬಾಡಿಗೆಯನ್ನು ದರದಲ್ಲೇ ಸೇರಿಸಿ.

ದರ ಹೇಳುವುದು

ಹೊಸಬರು ಮರವನ್ನು ನೋಡಿ ದರ ಹೇಳುತ್ತಾರೆ. ಹಳಬರು ಮೊದಲು ನೋಡುವುದು ಹಿತ್ತಲಿನ ಗೇಟನ್ನು. ಅಲ್ಲಿನ ಮನೆಗಳ ಪಕ್ಕದ ಓಣಿ ಎಷ್ಟೋ ಕಡೆ ಒಬ್ಬ ಮನುಷ್ಯ ಅಡ್ಡಡ್ಡ ತಿರುಗಿ ಹೋಗುವಷ್ಟೇ ಇರುತ್ತದೆ. ಚಿಪ್ಪರ್ ಬೀದಿಯಲ್ಲೇ ನಿಲ್ಲಬೇಕು. ಪ್ರತಿ ಟೊಂಗೆಯನ್ನೂ ಹಿತ್ತಲಿನಿಂದ ಬೀದಿಗೆ ಕೈಯಲ್ಲಿ ಎಳೆದು ತರಬೇಕು. ಮರ ಸವರಲು ಎರಡು ಗಂಟೆ, ಎಳೆಯಲು ನಾಲ್ಕು ಗಂಟೆ. ನನ್ನ ಮೊದಲ ಹತ್ತು ಕೆಲಸಗಳಲ್ಲಿ ಆರರಲ್ಲಿ ಕೈಯಿಂದ ದುಡ್ಡು ಹೋದದ್ದು ಈ ನಾಲ್ಕು ಗಂಟೆಯ ಲೆಕ್ಕ ತಿಳಿಯದೆ.

ಆದ್ದರಿಂದ ನೋಡಲು ಹೋದಾಗ ಟೇಪು ಒಯ್ದು ಗೇಟಿನ ಅಗಲ, ಬೀದಿಗಿರುವ ದೂರ, ಮೆಟ್ಟಿಲಿದ್ದರೆ ಅವುಗಳ ಸಂಖ್ಯೆ ಬರೆದುಕೊಳ್ಳಿ. ವ್ಯಾನು ನಿಲ್ಲಿಸಲು ಜಾಗವಿದೆಯೇ, ಕೆಳಗೆ ಗಾಜಿನ ಮನೆ, ಬೇಲಿ, ಮೀನಿನ ಕೊಳ ಏನಿದೆ, ವಿದ್ಯುತ್ ತಂತಿ ಎಷ್ಟು ಹತ್ತಿರ ಎಂದು ನೋಡಿ. ಟೊಂಗೆಗಳನ್ನು ಸುಮ್ಮನೆ ಬಿಡಬಹುದೋ, ಒಂದೊಂದಾಗಿ ಹಗ್ಗ ಕಟ್ಟಿ ಇಳಿಸಬೇಕೋ ಎಂಬುದರ ಮೇಲೆ ದರ ಎರಡು ಪಟ್ಟಾಗುವುದೂ ಉಂಟು.

ಬರೆದು ಕೊಡುವ ದರಪಟ್ಟಿಯಲ್ಲಿ ಯಾವ ಮರ, ಎಷ್ಟು ಸವರುವುದು, ಎಷ್ಟು ಎತ್ತರ ಉಳಿಯುತ್ತದೆ, ದಿಮ್ಮಿ ಬಿಡುವುದೋ ಒಯ್ಯುವುದೋ, ಬುಡ ಅರೆಯುವುದೋ ಬೇಡವೋ, ಎಲ್ಲವೂ ಇರಲಿ. ‘ಸ್ವಲ್ಪ ಸವರಿ’ ಎನ್ನುವ ಗಿರಾಕಿಯ ಸ್ವಲ್ಪಕ್ಕೂ ನಿಮ್ಮ ಸ್ವಲ್ಪಕ್ಕೂ ಮೂರು ಮೀಟರ್ ಅಂತರವಿರುತ್ತದೆ. ಅಲ್ಲಿ ಇದಕ್ಕೆ ಬಿಎಸ್ 3998 ಎಂಬ ಮಾನದಂಡವೇ ಇದೆ, ಅದರ ಭಾಷೆಯಲ್ಲಿ ಬರೆದರೆ ಜಗಳಕ್ಕೆ ಎಡೆ ಕಡಿಮೆ. ಮರದ ತಲೆಯನ್ನೇ ಹಾರಿಸಿಬಿಡಿ ಎಂದು ಕೇಳುವವರಿಗೆ ಇಲ್ಲ ಎನ್ನಿ. ತಲೆ ಹಾರಿಸಿದ ಮರ ಬುಡದಿಂದ ಕೊಳೆಯುತ್ತದೋ ಇಲ್ಲವೋ, ನಿಮ್ಮ ಹೆಸರಂತೂ ಆ ಬೀದಿಯಲ್ಲಿ ಕೊಳೆಯುತ್ತದೆ.

ಟೊಂಗೆ ತೆಗೆಯುವ ಮೂರು ಕೊಯ್ತ

ಈ ಕೆಲಸದ ಶಾಸ್ತ್ರವನ್ನು ಬದಲಿಸಿದವರು ಅಮೆರಿಕದ ವಿಜ್ಞಾನಿ ಅಲೆಕ್ಸ್ ಶೈಗೋ. ಸಾವಿರಾರು ಕಾಂಡಗಳನ್ನು ಸೀಳಿ ನೋಡಿ ಅವರು ತೋರಿಸಿದ್ದು ಇಷ್ಟು: ಮರ ಗಾಯವನ್ನು ನಮ್ಮ ಚರ್ಮದಂತೆ ಮಾಯಿಸುವುದಿಲ್ಲ, ಸುತ್ತ ಗೋಡೆ ಕಟ್ಟಿ ಕೊಳೆತವನ್ನು ಒಳಗೇ ಬಂಧಿಸುತ್ತದೆ. ಟೊಂಗೆ ಕಾಂಡವನ್ನು ಸೇರುವಲ್ಲಿ ಉಬ್ಬಿದ ಒಂದು ಕೊರಳಿರುತ್ತದೆ. ಗೋಡೆ ಕಟ್ಟುವ ಶಕ್ತಿ ಅಲ್ಲಿದೆ. ಕಾಂಡಕ್ಕೆ ನುಣ್ಣಗೆ ಸಮ ಮಾಡಿ ಕೊಯ್ದರೆ ಆ ಕೊರಳೇ ಹೋಗುತ್ತದೆ, ಗೇಣುದ್ದ ಮೋಟು ಬಿಟ್ಟರೆ ಆ ಮೋಟು ಕೊಳೆತು ಒಳಗೆ ದಾರಿ ಮಾಡುತ್ತದೆ.

ಹೀಗಾಗಿ ಮೊದಲ ಕೊಯ್ತ ಕಾಂಡದಿಂದ ಒಂದಡಿ ಆಚೆ, ಕೆಳಗಿನಿಂದ, ಕಾಲು ಭಾಗದಷ್ಟು. ಎರಡನೆಯದು ಅದಕ್ಕಿಂತ ಸ್ವಲ್ಪ ಹೊರಗೆ, ಮೇಲಿನಿಂದ. ಟೊಂಗೆ ತೊಗಟೆ ಸೀಳದೆ ಬೀಳುತ್ತದೆ. ಮೂರನೆಯದು ಉಳಿದ ಮೋಟನ್ನು ಕೊರಳಿನ ಹೊರ ಅಂಚಿನಲ್ಲಿ ತೆಗೆಯುವುದು. ಗಾಯಕ್ಕೆ ಡಾಂಬರು, ಬಣ್ಣ ಬಳಿಯುವುದು ಬೇಡ.

ಮರ ಹತ್ತಿದವನೊಬ್ಬನೇ ಎಂದೂ ಇರಬಾರದು. ಅವನನ್ನು ಇಳಿಸಬಲ್ಲ ಇನ್ನೊಬ್ಬ ಕೆಳಗೆ ಇರಲೇಬೇಕು. ಗರಗಸ ಚಾಲೂ ಮಾಡುವ ಮುನ್ನ ಮೈಗೆ ಎರಡು ಪ್ರತ್ಯೇಕ ಆಧಾರ ಇರಬೇಕು, ಒಂದು ಹಗ್ಗ ಅಕಸ್ಮಾತ್ ಕೊಯ್ದುಹೋದರೂ ಇನ್ನೊಂದು ಹಿಡಿಯುತ್ತದೆ. ಕಾಲಿಗೆ ಕಟ್ಟುವ ಮುಳ್ಳು ಕೊಕ್ಕೆ ಕಡಿದು ಉರುಳಿಸುವ ಮರಕ್ಕೆ ಮಾತ್ರ, ಉಳಿಸುವ ಮರಕ್ಕೆ ಅದು ಪ್ರತಿ ಹೆಜ್ಜೆಗೂ ಒಂದು ಗಾಯ.

ಗರಗಸ: ದಿನದ ಆರೈಕೆ

ಎರಡು ಗರಗಸ ಸಾಕು. ಮರದ ಮೇಲೆ ಬಳಸಲು ಹಿಡಿ ಮೇಲಿರುವ ಚಿಕ್ಕದು, ನೆಲದಲ್ಲಿ ದಿಮ್ಮಿ ಕೊಯ್ಯಲು ಹಿಡಿ ಹಿಂದಿರುವ ದೊಡ್ಡದು. ಜರ್ಮನಿಯ ಸ್ಟಿಲ್, ಸ್ವೀಡನ್ನಿನ ಹಸ್ಕ್‌ವರ್ನಾ ಎರಡರಲ್ಲಿ ಯಾವುದು ಮೇಲು ಎಂಬ ವಾದ ಅಲ್ಲಿ ನಮ್ಮ ಬೆಣ್ಣೆ ದೋಸೆ ಯಾವ ಹೋಟೆಲಿನದು ಚೆನ್ನ ಎಂಬ ವಾದದ ಹಾಗೆ, ಮುಗಿಯುವುದಿಲ್ಲ. ನಿಮ್ಮ ಊರಿಗೆ ಹತ್ತಿರದ ಡೀಲರ್ ಬಳಿ ಯಾವುದರ ಬಿಡಿಭಾಗ ಅದೇ ದಿನ ಸಿಗುತ್ತದೋ ಅದನ್ನು ಕೊಳ್ಳಿ.

ಹಲ್ಲು ಮೊಂಡಾಗಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕಿಲ್ಲ. ಕೆಳಗೆ ಬೀಳುವುದನ್ನು ನೋಡಿ. ಚೂಪಾದ ಚೈನು ಚಕ್ಕೆ ಉದುರಿಸುತ್ತದೆ, ಮೊಂಡಾದದ್ದು ಗಿರಣಿಯಂತೆ ಹಿಟ್ಟು ಉದುರಿಸುತ್ತದೆ. ಹಿಟ್ಟು ಬೀಳಲು ಶುರುವಾದರೆ ನೀವು ಗರಗಸವನ್ನು ಒತ್ತುತ್ತೀರಿ, ಒತ್ತಿದರೆ ಬಾರ್, ಎಂದರೆ ಚೈನು ಸುತ್ತುವ ಉದ್ದನೆಯ ಪಟ್ಟಿ, ಕಾಯುತ್ತದೆ, ಕ್ಲಚ್ ಸವೆಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ತೋಳು ಸೋಲುತ್ತದೆ. ಸೋತ ತೋಳಿನಿಂದಲೇ ಅಪಘಾತಗಳಾಗುವುದು.

ಮಸೆಯುವ ವಿಧಾನ ಹೀಗೆ. ಚೈನಿನ ಅಳತೆಗೆ ಸರಿಯಾದ ಗುಂಡು ಅರ ಬೇಕು. ಸ್ಟಿಲ್ ಕಂಪನಿಯ ಲೆಕ್ಕದಲ್ಲಿ .325 ಇಂಚಿನ ಚೈನಿಗೆ 4.8 ಮಿ.ಮೀ., 3/8 ಇಂಚಿನ ದೊಡ್ಡ ಚೈನಿಗೆ 5.2 ಮಿ.ಮೀ., ಚಿಕ್ಕ ಗರಗಸದ ತಗ್ಗು ಹಲ್ಲಿನ 3/8 ಚೈನಿಗೆ 4 ಮಿ.ಮೀ. ಬಾರನ್ನು ವೈಸ್‌ನಲ್ಲಿ ಬಿಗಿಯಿರಿ, ಚೈನ್ ಬ್ರೇಕ್ ಹಾಕಿ. ಎಲ್ಲಕ್ಕಿಂತ ಗಿಡ್ಡಾದ ಹಲ್ಲನ್ನು ಹುಡುಕಿ ಅದರಿಂದ ಶುರು ಮಾಡಿ, ಏಕೆಂದರೆ ಉಳಿದವೆಲ್ಲ ಅದರ ಉದ್ದಕ್ಕೆ ಬರಬೇಕು. ಅರದ ದಪ್ಪದಲ್ಲಿ ಐದನೆಯ ಒಂದು ಭಾಗ ಹಲ್ಲಿನ ಮೇಲಂಚಿನಿಂದ ಮೇಲಿರಲಿ. 30 ಡಿಗ್ರಿ ಓರೆಯಲ್ಲಿ, ಒಳಗಿನಿಂದ ಹೊರಗೆ, ಒಂದೇ ದಿಕ್ಕಿಗೆ ತಳ್ಳಿ. ಹಿಂದೆ ಎಳೆಯುವಾಗ ಅರವನ್ನು ಎತ್ತಿ. ಹಿಂದೆ ಮುಂದೆ ಉಜ್ಜುವುದು ನಮ್ಮ ಹುಡುಗರಿಗೆ ಕೈ ರೂಢಿ, ಅದರಿಂದ ಅರವೂ ಹಾಳು, ಅಂಚೂ ಹಾಳು. ಪ್ರತಿ ಹಲ್ಲಿಗೆ ಎರಡು ಮೂರು ತಳ್ಳು ಸಾಕು, ಆದರೆ ಎಲ್ಲಕ್ಕೂ ಅಷ್ಟೇ. ಎಡಗಡೆಯ ಹಲ್ಲು ಉದ್ದ, ಬಲಗಡೆಯದು ಗಿಡ್ಡ ಆದರೆ ಗರಗಸ ನೇರ ಕೊಯ್ಯುವುದಿಲ್ಲ, ಬಾಳೆಹಣ್ಣಿನ ಆಕಾರದಲ್ಲಿ ಕೊಯ್ಯುತ್ತದೆ.

ಪ್ರತಿ ಹಲ್ಲಿನ ಮುಂದೆ ಒಂದು ಚಿಕ್ಕ ದಿಬ್ಬವಿದೆ. ಹಲ್ಲು ಎಷ್ಟು ಆಳ ಕಚ್ಚಬೇಕು ಎಂದು ನಿರ್ಧರಿಸುವುದು ಅದು. ಹಲ್ಲು ಸವೆದಂತೆ ದಿಬ್ಬ ಎತ್ತರವಾಗಿ ಉಳಿದು ಗರಗಸ ಕಚ್ಚುವುದನ್ನೇ ಬಿಡುತ್ತದೆ. ಗೇಜು ಇಟ್ಟು ಚಪ್ಪಟೆ ಅರದಿಂದ 0.65 ಮಿ.ಮೀ. ತಗ್ಗಿರುವಂತೆ ನೋಡಿಕೊಳ್ಳಿ. ಬೇಗ ಕೊಯ್ಯಲಿ ಎಂದು ಅದಕ್ಕಿಂತ ತಗ್ಗಿಸಿದರೆ ಗರಗಸ ಮುಖಕ್ಕೆ ಒದೆಯುತ್ತದೆ. ಬಾರಿನ ಮೂತಿಯ ಮೇಲಿನ ಕಾಲುಭಾಗ ಟೊಂಗೆಗೆ ತಾಗಿದಾಗಲೂ ಹೀಗೇ ಒದೆಯುವುದು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ.

ಬಾರನ್ನು ಪ್ರತಿ ಮಸೆತಕ್ಕೆ ಬಿಚ್ಚಿ ಮೇಲಡಿ ಮಾಡಿ ಹಾಕಿದರೆ ಎರಡೂ ಅಂಚು ಸಮ ಸವೆಯುತ್ತವೆ. ಅದರಲ್ಲಿ ಚೈನು ಓಡುವ ತೋಡನ್ನೂ ಎಣ್ಣೆಯ ತೂತನ್ನೂ ಕೆರೆದು ಸ್ವಚ್ಛ ಮಾಡಿ. ಎಣ್ಣೆ ಬರುತ್ತಿದೆಯೇ ಎಂದು ತಿಳಿಯಲು ಬಾರಿನ ಮೂತಿಯನ್ನು ಒಂದು ರಟ್ಟಿನ ಮೇಲೆ, ತಾಗಿಸದೆ, ಹಿಡಿದು ಎಂಜಿನ್ ಏರಿಸಿ. ರಟ್ಟಿನ ಮೇಲೆ ಎಣ್ಣೆಯ ಗೆರೆ ಮೂಡಬೇಕು. ಕೆಲಸ ಮುಗಿದ ಮೇಲೆ ಚೈನು ಸಡಿಲಿಸಿ, ಕಾದಾಗ ಉದ್ದವಾದ ಚೈನು ಆರಿದಾಗ ಕುಗ್ಗಿ ಕ್ರ್ಯಾಂಕ್ ಬೇರಿಂಗನ್ನು ಎಳೆಯುತ್ತದೆ. ಎರಡು ಚೈನು ಸವೆಯುವಷ್ಟರಲ್ಲಿ ಅದನ್ನು ತಿರುಗಿಸುವ ಹಲ್ಲುಚಕ್ರ, ಸ್ಪ್ರಾಕೆಟ್, ಬದಲಿಸಿ. ಎಂಜಿನ್ ಸುಮ್ಮನೆ ಉರಿಯುವಾಗ ಚೈನು ತಿರುಗುತ್ತಿದ್ದರೆ ಐಡ್ಲಿಂಗ್ ಸ್ಕ್ರೂ ಸರಿಪಡಿಸದೆ ಕೆಲಸಕ್ಕೆ ಒಯ್ಯಬೇಡಿ.

ಇಂಧನದ ಮಿಶ್ರಣ 50ಕ್ಕೆ 1. ಐದು ಲೀಟರ್ ಪೆಟ್ರೋಲಿಗೆ 100 ಮಿ.ಲೀ. ಒಳ್ಳೆಯ ಎರಡು ಸ್ಟ್ರೋಕ್ ಎಣ್ಣೆ. ಕಣ್ಣಂದಾಜು ಬೇಡ, ಅಳತೆಯ ಬಾಟಲಿ ಇಟ್ಟುಕೊಳ್ಳಿ. ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿನಲ್ಲಿ 2021ರಿಂದ ಶೇ 10ರವರೆಗೆ ಎಥೆನಾಲ್ ಇದೆ, ದುಬಾರಿ ದರ್ಜೆಯದರಲ್ಲಿ ಶೇ 5ರವರೆಗೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ನಿಂತ ಗರಗಸದ ಕಾರ್ಬ್ಯುರೇಟರಿನ ಪೊರೆಯನ್ನು ಗಡಸು ಮಾಡುತ್ತದೆ. ಹಾಗಾಗಿ ದುಬಾರಿಯದನ್ನೇ ಹಾಕಿ, ಬೆರೆಸಿದ್ದನ್ನು ತಿಂಗಳೊಳಗೆ ಖರ್ಚು ಮಾಡಿ. ವಾರಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕು ಬರಿದು ಮಾಡಿ, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ. ನಮ್ಮ ಬಂಕುಗಳಲ್ಲಿ ಈಗ ಶೇ 20 ಎಥೆನಾಲ್ ಬರುತ್ತಿರುವುದರಿಂದ ಮಾವನ ಅಂಗಡಿಗೆ ಬರುವ ಸ್ಪ್ರೇಯರ್‌ಗಳ ಕಾಯಿಲೆಯೂ ಬಹುಪಾಲು ಇದೇ.

ಚಿಪ್ಪರ್: ದುಡ್ಡು ತರುವುದೂ ಅದೇ, ತಿನ್ನುವುದೂ ಅದೇ

ಟೊಂಗೆ ನುಂಗಿ ಚೂರು ಉಗುಳುವ ಈ ಯಂತ್ರವಿಲ್ಲದಿದ್ದರೆ ಒಂದು ಮರದ ಸೊಪ್ಪಿಗೆ ವ್ಯಾನು ಐದು ಬಾರಿ ಓಡಾಡಬೇಕು. 150 ಮಿ.ಮೀ. ದಪ್ಪದ ಟೊಂಗೆ ನುಂಗುವ, ವ್ಯಾನಿನ ಹಿಂದೆ ಎಳೆಯಬಹುದಾದ ಯಂತ್ರ ಸಣ್ಣ ತಂಡಕ್ಕೆ ಸಾಕು. ಇಂಗ್ಲೆಂಡಿನಲ್ಲೇ ತಯಾರಾಗುವ ಟಿಂಬರ್‌ವುಲ್ಫ್, ಗ್ರೀನ್‌ಮೆಕ್ ಯಂತ್ರಗಳು ಸೆಕೆಂಡ್‌ಹ್ಯಾಂಡ್ ಸಿಗುತ್ತವೆ. ಕೊಳ್ಳುವಾಗ ಗಂಟೆಯ ಮೀಟರು ನೋಡಿ, ಅದಕ್ಕಿಂತ ಮುಖ್ಯವಾಗಿ ಅಲಗು ಹೊತ್ತು ತಿರುಗುವ ರೋಟರ್‌ನ ಬೇರಿಂಗಿಗೆ ಕಿವಿಗೊಡಿ. ಕಳ್ಳತನ ವಿಪರೀತ. ಯಂತ್ರದ ಗುರುತಿನ ಸಂಖ್ಯೆಯನ್ನು ಕಾಗದಕ್ಕೆ ತಾಳೆ ನೋಡದೆ ದುಡ್ಡು ಕೊಡಬೇಡಿ.

ಬೆಳಿಗ್ಗೆ ಚಾಲೂ ಮಾಡಿದೊಡನೆ ಟೊಂಗೆ ಹಾಕುವ ಬಾಯಿಯ ಸುತ್ತಲಿನ ಸುರಕ್ಷಾ ಪಟ್ಟಿಯನ್ನು ತೊಡೆಯಿಂದ ತಳ್ಳಿ. ಎಳೆಯುವ ರೋಲರ್ ತಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಅಂದು ಆ ಯಂತ್ರಕ್ಕೆ ರಜೆ. ಹತ್ತುವವನ ಹಗ್ಗ ಯಾವ ಕಾರಣಕ್ಕೂ ಚಿಪ್ಪರಿನ ಹತ್ತಿರ ಬಿದ್ದಿರಬಾರದು. ಸೊಪ್ಪಿನ ಜೊತೆ ಸಿಕ್ಕ ಹಗ್ಗವನ್ನು ರೋಲರ್ ಎಳೆದುಕೊಂಡರೆ ಮರದ ಮೇಲಿನವನನ್ನೂ ಎಳೆಯುತ್ತದೆ. ಅಂಥ ಸಾವುಗಳು ಆಗಿವೆ.

ಅಲಗು ಮೊಂಡಾದರೆ ಚೂರಿನ ಬದಲು ನಾರು ನಾರಾಗಿ, ಬಾಲ ಬಿಟ್ಟುಕೊಂಡು ಬರುತ್ತದೆ. ಅಲಗಿನ ಶತ್ರು ಮರವಲ್ಲ, ಮಣ್ಣು. ಕೊನೆಗೆ ನೆಲ ಗುಡಿಸಿದ ಕಸವನ್ನು ಚಿಪ್ಪರಿಗೆ ಸುರಿದರೆ ಒಂದು ದಿನದ ಅಲಗು ಅರ್ಧ ನಿಮಿಷದಲ್ಲಿ ಹೋಗುತ್ತದೆ, ಅದನ್ನು ಚೀಲಕ್ಕೆ ತುಂಬಿ. ಹಿತ್ತಲ ಮರಗಳಲ್ಲಿ ಬಟ್ಟೆ ಹಗ್ಗದ ಕೊಕ್ಕೆ, ಹಳೆಯ ಮೊಳೆ ತೊಗಟೆಯೊಳಗೆ ಹುದುಗಿರುತ್ತವೆ. ನಮ್ಮ ಪಿ.ಜೆ. ಬಡಾವಣೆಯ ಬೇವಿನ ಮರಗಳಿಗೆ ಟ್ಯೂಷನ್ ಬೋರ್ಡು ಹೊಡೆದ ಮೊಳೆಗಳನ್ನು ನೋಡಿದರೆ ನನಗೆ ಈಗಲೂ ಅಲಗಿನ ಬೆಲೆಯೇ ನೆನಪಾಗುತ್ತದೆ.

ಅಲಗು ಬಿಚ್ಚುವ ಮುಂಚೆ ಎಂಜಿನ್ ನಿಲ್ಲಿಸಿ, ಕೀಲಿ ನಿಮ್ಮ ಜೇಬಿಗೆ ಹಾಕಿ, ರೋಟರ್ ಪೂರ್ತಿ ನಿಂತಿತೆಂದು ಕಣ್ಣಾರೆ ನೋಡಿ, ಅದರ ಬೀಗದ ಪಿನ್ನು ಹಾಕಿ. ಎಲ್ಲ ಅಲಗುಗಳನ್ನೂ ಒಟ್ಟಿಗೆ ಬಿಚ್ಚಿ, ಒಂದೇ ಪ್ರಮಾಣದಲ್ಲಿ ಮಸೆಸಿ. ಒಂದು ಹಗುರ, ಒಂದು ಭಾರ ಆದರೆ ರೋಟರ್ ನಡುಗಿ ಬೇರಿಂಗ್ ತಿನ್ನುತ್ತದೆ. ಒಣ ಗ್ರೈಂಡರಿಗೆ ಹಿಡಿದರೆ ಅಂಚು ನೀಲಿಯಾಗಿ ಹದ ಹೋಗುತ್ತದೆ, ನೀರು ಸುರಿಯುವ ಯಂತ್ರದಲ್ಲಿ ಮಸೆಯುವವರ ಬಳಿ ಕೊಡಿ. ಮರಳಿ ಜೋಡಿಸುವಾಗ ಕೈಪಿಡಿ ಹೇಳುವ ಬೋಲ್ಟು, ಅದು ಹೇಳುವ ಟಾರ್ಕ್, ಎದುರಿನ ಸ್ಥಿರ ಅಲಗಿಗೆ ಅದು ಹೇಳುವ ಅಂತರ. ಇಲ್ಲಿ ‘ನಡೆಯುತ್ತದೆ ಬಿಡಿ’ ಎಂಬ ಮಾತಿಗೆ ಜಾಗವಿಲ್ಲ.

ಒಂದು ನವೆಂಬರ್ ಬೆಳಿಗ್ಗೆ ನನ್ನ ಚಿಪ್ಪರಿನ ಬೆಲ್ಟು ಕಿರುಗುಟ್ಟಿತು, ಸುಟ್ಟ ರಬ್ಬರಿನ ವಾಸನೆಯೂ ಬಂತು. ಸಂಜೆ ಬಿಗಿ ಮಾಡಿದರಾಯಿತು ಎಂದುಕೊಂಡೆ. ಹತ್ತೂವರೆಗೆ ಬೆಲ್ಟು ಹರಿಯಿತು. ಬೀದಿ ತುಂಬ ಸೊಪ್ಪು, ಬಾಡಿಗೆ ಯಂತ್ರ ತರಲು ಎರಡು ತಾಸು, ಆ ದಿನದ ಲಾಭವೆಲ್ಲ ಅದಕ್ಕೇ ಹೋಯಿತು. ಅಂದಿನಿಂದ ಒಂದು ಜೋಡಿ ಬೆಲ್ಟು, ಒಂದು ಸೆಟ್ ಅಲಗು, ಡೀಸೆಲ್ ಫಿಲ್ಟರ್, ಗ್ರೀಸ್ ಗನ್ ಸದಾ ವ್ಯಾನಿನಲ್ಲಿ. ರೇಡಿಯೇಟರಿನ ಜಾಲರಿಯಲ್ಲಿ ಕೂತ ಹೊಟ್ಟನ್ನು ದಿನಾ ಊದಿ ತೆಗೆಯಿರಿ, ಎಂಜಿನ್ ಕಾಯಲು ಅರ್ಧ ಕಾರಣ ಅದು.

ಹಗ್ಗ, ಬೆಲ್ಟು, ಬಟ್ಟೆ

ಮನುಷ್ಯನನ್ನು ಹೊರುವ ಹಗ್ಗ, ಸೊಂಟದ ಹಾರ್ನೆಸ್, ಕ್ಯಾರಬಿನರ್ ಎಂಬ ಲೋಹದ ಕೊಂಡಿಗಳನ್ನು ಎತ್ತುವ ಸಲಕರಣೆಗಳ ಬಗೆಗಿನ 1998ರ ಲೋಲರ್ ನಿಯಮದಂತೆ ಆರು ತಿಂಗಳಿಗೊಮ್ಮೆ ಅರ್ಹರಿಂದ ಪರೀಕ್ಷೆ ಮಾಡಿಸಿ ಪತ್ರ ಪಡೆಯಬೇಕು. ದಿನದ ಪರೀಕ್ಷೆ ನಿಮ್ಮದು: ಹಗ್ಗವನ್ನು ಗೇಣು ಗೇಣಾಗಿ ಬೆರಳಲ್ಲಿ ಹಾಯಿಸಿ, ಗಟ್ಟಿಯಾದ, ತೆಳುವಾದ, ಹೊಳಪಾದ ಜಾಗ ಹುಡುಕಿ. ಪೆಟ್ರೋಲು, ಬ್ಯಾಟರಿ ಆಸಿಡ್ ತಾಗಿದ ಹಗ್ಗ ನೋಡಲು ಚೆನ್ನಾಗಿದ್ದರೂ ಎಸೆಯಿರಿ. ಎಸೆಯುವಾಗ ತುಂಡು ಮಾಡಿ ಎಸೆಯಿರಿ, ಇಲ್ಲದಿದ್ದರೆ ಯಾರೋ ಅದನ್ನೇ ಮತ್ತೆ ಹತ್ತಲು ಬಳಸುತ್ತಾರೆ. ಗರಗಸ ತಡೆಯುವ ಪ್ಯಾಂಟಿನಲ್ಲಿ ಎರಡು ಬಗೆ: ನೆಲದವರಿಗೆ ಮುಂಭಾಗ ಮಾತ್ರ ರಕ್ಷಿಸುವ ‘ಎ’, ಹತ್ತುವವರಿಗೆ ಸುತ್ತಲೂ ರಕ್ಷಿಸುವ ‘ಸಿ’.

ಮರಳಿ ಬಂದವರಿಗೆ

ಇದೇ ಕೆಲಸವನ್ನು ದಾವಣಗೆರೆ, ಚಿತ್ರದುರ್ಗದಲ್ಲಿ ಮಾಡಬಹುದೇ ಎಂದು ಕೇಳುವವರಿದ್ದಾರೆ. ಮಾಡಬಹುದು, ನಾನು ಮಾಡುತ್ತಿದ್ದೇನೆ. ಇಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಸ್ವಂತ ಜಾಗದ ಮರವನ್ನು ಕಡಿಯಲೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು, ನೀಲಗಿರಿ, ಸಿಲ್ವರ್ ಓಕ್, ತೆಂಗು, ಸುಬಾಬುಲ್ ಮುಂತಾದ ಕೆಲವಕ್ಕೆ ಮಾತ್ರ ವಿನಾಯಿತಿ. ತಂತಿಗೆ ತಾಗಿದ ಟೊಂಗೆಯಾದರೆ ಬೆಸ್ಕಾಂನವರು ಲೈನ್ ಆಫ್ ಮಾಡದೆ ನಾನು ಮುಟ್ಟುವುದಿಲ್ಲ. ಹೊಂಗೆ, ಬೇವಿಗೆ ಮಳೆಗಾಲಕ್ಕೆ ಮುಂಚೆ ಒಣಟೊಂಗೆ ತೆಗೆದು ತೂಕ ಹಗುರ ಮಾಡಿದರೆ ಸಾಕು.

ಹೊರಡುವವರಿಗೆ ಕೊನೆಯದಾಗಿ ಸಾಮಾನಿನ ವಿಷಯ. ಬಳಸಿದ ಪೆಟ್ರೋಲ್ ಗರಗಸವನ್ನು ವಿಮಾನಕ್ಕೆ ಒಯ್ಯುವ ಸಾಹಸ ಬೇಡ, ಟ್ಯಾಂಕಿನ ವಾಸನೆಗೇ ಬ್ಯಾಗು ತಡೆಯುತ್ತಾರೆ. ಇಲ್ಲಿಂದ ನಾನು ಒಯ್ದಿದ್ದು ಮಾವ ಕೊಟ್ಟ ಒಂದು ಸೆಟ್ ಸ್ಪ್ಯಾನರ್, ಒಂದು ಫೀಲರ್ ಗೇಜು, ಅಂಗಡಿಯಲ್ಲಿ ಬಳಸುವಂಥದೇ ಒಂದು ಲೆಕ್ಕದ ಪುಸ್ತಕ. ಅದರ ಎಡಪುಟದಲ್ಲಿ ಗಿರಾಕಿಯ ಲೆಕ್ಕ, ಬಲಪುಟದಲ್ಲಿ ಯಂತ್ರದ್ದು: ಯಾವ ದಿನ ಯಾವ ಚೈನು, ಯಾವ ಬೆಲ್ಟು, ಎಷ್ಟು ಗಂಟೆ ಓಡಿತು. ಬಲಪುಟ ಖಾಲಿ ಬಿಟ್ಟ ವಾರಗಳ ಎಡಪುಟವನ್ನು ಈಗ ತಿರುಗಿಸಿ ನೋಡಿದರೆ ಕೆಂಪು ಶಾಯಿಯೇ ಹೆಚ್ಚು.